ದ್ರಾಕ್ಷಾರಸದ ರುಚಿ ಬೆಳೆಗಾರನಿಗೂ ತಿಳಿದಿರಲಿ

ದ್ರಾಕ್ಷಿ ಬೆಳೆಯುವವನು ದ್ರಾಕ್ಷಾರಸದ ರುಚಿ ನೋಡಬೇಕೆ? ಈ ಪ್ರಶ್ನೆಯನ್ನು ನಮ್ಮ ಕರಜಗಿ ಕಡೆಯ ಯಾವ ವಾಚನಾಲಯದಲ್ಲಿ ಎತ್ತಿದರೂ ಅರ್ಧ ಮಂದಿ ನಗುತ್ತಾರೆ, ಉಳಿದರ್ಧ ಮಂದಿ ಪತ್ರಿಕೆ ಮಡಿಚಿಟ್ಟು ಎದ್ದು ಹೋಗುತ್ತಾರೆ. ಎದ್ದು ಹೋಗುವವರ ಮೇಲೆ ನನಗೆ ಗೌರವವಿದೆ. ಆದರೂ ಅವರು ಇನ್ನೊಂದು ಗಳಿಗೆ ಕೂಡಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಹೇಳಹೊರಟಿರುವುದು ಕುಡಿಯುವ ಮಾತನ್ನಲ್ಲ, ವ್ಯಾಪಾರದ ಮಾತನ್ನು.

ಜೋಳ ಕೊಳ್ಳುವ ವ್ಯಾಪಾರಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡುತ್ತಾನೆ. ತೊಗರಿಯ ಅಡತಿಯವನೂ ಹಾಗೆಯೇ. ಅರಳೆಯವನು ಎಳೆ ಎಳೆದು ನೋಡುತ್ತಾನೆ. ಬೆಲ್ಲದ ಗಾಣದ ಮುಂದೆ ನಿಂತ ರೈತ ಪಾಕ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ತಾನೇ ನಾಲಿಗೆಗೆ ಹಚ್ಚಿಕೊಂಡು ತಿಳಿಯುತ್ತಾನೆ. ಕೊಳ್ಳುವವನಿಗೆ ತಿಳಿದಿರುವ ಗುಣ ಮಾರುವವನಿಗೂ ತಿಳಿದಿದ್ದರೆ ಮಾತ್ರ ದರದ ಮಾತಿನಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ. ದ್ರಾಕ್ಷಾರಸದ ಕಾರ್ಖಾನೆಗೆ ಹಣ್ಣು ಹಾಕುವ ಬೆಳೆಗಾರನೊಬ್ಬನೇ ಈ ನಿಯಮಕ್ಕೆ ಹೊರಗು. ಅವನು ಹಣ್ಣು ತೂಗಿಸಿ, ಚೀಟಿ ತೆಗೆದುಕೊಂಡು ಗೇಟಿನಿಂದಲೇ ಹಿಂದಿರುಗುತ್ತಾನೆ. ಒಳಗೆ ತನ್ನ ಹಣ್ಣು ಏನಾಯಿತು, ಯಾಕೆ ಒಂದು ಗಾಡಿಗೆ ಒಂದು ದರ, ಮತ್ತೊಂದಕ್ಕೆ ಬೇರೆ ದರ ಎಂಬುದು ಅವನಿಗೆ ಕೊನೆಯತನಕ ಗೊತ್ತಾಗುವುದಿಲ್ಲ.

ಈ ಮಾತು ನಮ್ಮ ಭಾಗದಲ್ಲಿ ಈಗ ಏಕೆ ಬಂತೆಂದರೆ, 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ಹೊಲ ಹೊಲವೇ ಒಣಗಿ ನಿಂತದ್ದನ್ನು ಯಾರೂ ಮರೆತಿಲ್ಲ. ಅಂದಿನಿಂದ ನಮ್ಮ ಜನ ಬೇರೆ ಬೆಳೆಯ ಕಡೆ ನೋಡತೊಡಗಿದ್ದಾರೆ. ನೀರಿದ್ದವರು ಕಬ್ಬಿಗೆ ಹೋದರು. ಸ್ವಲ್ಪ ಬಂಡವಾಳವಿದ್ದವರ ಕಣ್ಣು ಭೀಮೆಯ ಆಚೆ ದಂಡೆಯ ಮೇಲೆ, ವಿಜಯಪುರ ಜಿಲ್ಲೆಯ ದ್ರಾಕ್ಷಿ ಪಡಗಳ ಮೇಲೆ ಬಿದ್ದಿದೆ. ನನ್ನ ಗೆಳೆಯನೊಬ್ಬ, ಹುಟ್ಟಾ ತೊಗರಿ ಬೆಳೆಗಾರ, ಎರಡು ಎಕರೆಯಲ್ಲಿ ದ್ರಾಕ್ಷಾರಸದ ತಳಿ ಹಚ್ಚುವುದಾಗಿ ಪಟ್ಟು ಹಿಡಿದ. ಯಾರೋ ದಲಾಲಿ ಅವನ ಕಿವಿಯಲ್ಲಿ ಊದಿದ್ದ. ಹಚ್ಚುವ ಮೊದಲು ಒಂದು ದಿನ ಹೋಗಿ ನೋಡಿ ಬರೋಣ ಎಂದು ನಾವು ನಾಲ್ವರು ಗೆಳೆಯರು ಫೆಬ್ರುವರಿಯ ಒಂದು ಬೆಳಿಗ್ಗೆ, ಬುತ್ತಿ ಕಟ್ಟಿಕೊಂಡು, ಇಂಡಿಯ ಲಿಂಬೆ ತೋಟಗಳ ನಡುವೆ ಹಾಯ್ದು ವಿಜಯಪುರದ ಕಡೆ ಹೊರಟೆವು. ಆ ದಿನ ಎರಡು ಸಣ್ಣ ಕಾರ್ಖಾನೆಗಳನ್ನು ನೋಡಿದೆವು. ಎರಡೂ ಖಾಸಗಿ ಮನೆತನಗಳವು. ಅವುಗಳ ಹೆಸರು ಇಲ್ಲಿ ಬೇಕಾಗಿಲ್ಲ.

ಮೊದಲನೆಯದರ ಗೇಟಿನಲ್ಲಿ ಎರಡು ಟ್ರ್ಯಾಕ್ಟರು ಹಣ್ಣು ಹೇರಿಕೊಂಡು ನಿಂತಿದ್ದವು. ಒಳಗಿನಿಂದ ಬಂದ ಹುಡುಗ ನಾಲ್ಕಾರು ಕಡೆಯ ಗೊನೆಗಳಿಂದ ಕಾಳು ಕಿತ್ತು ಹಿಂಡಿ, ಒಂದು ಹನಿ ರಸವನ್ನು ಕೈಯಗಲದ ದುರ್ಬೀನಿನಂಥ ಮಾಪಕದ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದ. ಅದೇ ಬ್ರಿಕ್ಸ್ ಮಾಪಕ, ರಸದ ಸಕ್ಕರೆ ಅಳೆಯುವ ಸಾಧನ. ನಮ್ಮ ಗೆಳೆಯ ತಾನೂ ನೋಡುವೆನೆಂದು ಕೇಳಿದ. ಕೊಟ್ಟರು. ಗೆರೆ 21ರ ಹತ್ತಿರ ನಿಂತಿತ್ತು. ದ್ರಾಕ್ಷಾರಸಕ್ಕೆ ಸಾಮಾನ್ಯವಾಗಿ 22ರಿಂದ 24 ಇರಬೇಕೆನ್ನುತ್ತಾರೆ. ಹಣ್ಣು ತಂದ ರೈತ ಬಿಸಿಲಲ್ಲಿ ತಲೆಗೆ ಟವೆಲು ಸುತ್ತಿಕೊಂಡು ದೂರ ನಿಂತಿದ್ದ. ಮಾಪಕವನ್ನು ಅವನು ಕೇಳಲೂ ಇಲ್ಲ, ಅವನ ಕೈಗೆ ಯಾರೂ ಕೊಡಲೂ ಇಲ್ಲ. ಇಡೀ ದಿನದಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ನೋಟವೆಂದರೆ ಇದು. ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆಗೆ ಸಾದಾ ಮಾಪಕ ಸಿಗುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಕೊಯ್ಲಿಗೆ ಎರಡು ವಾರ ಮೊದಲಿನಿಂದ ದಿನಬಿಟ್ಟು ದಿನ ನೋಡಿದ ರೈತ, ಗೇಟಿನಲ್ಲಿ ಹೀಗೆ ದೂರ ನಿಲ್ಲುವ ಕಾರಣವಿಲ್ಲ.

ಈ ಅಂಕಿಗೆ ಇಷ್ಟು ಬೆಲೆ ಏಕೆ? ಹಣ್ಣಿನ ಸಕ್ಕರೆಯನ್ನು ಹುದುಗಿನ ಜೀವಿ ತಿಂದು ಮದ್ಯಸಾರವನ್ನಾಗಿ ಮಾಡುತ್ತದೆ. ಬ್ರಿಕ್ಸ್ ಅಂಕಿಯ ಅರ್ಧಕ್ಕಿಂತ ತುಸು ಹೆಚ್ಚು ಎಷ್ಟಾಗುತ್ತದೋ ಸುಮಾರು ಅಷ್ಟೇ ಶೇಕಡಾ ಮದ್ಯಸಾರ ಎಂದು ಲೆಕ್ಕ ಹಿಡಿಯಬಹುದು. 23 ಇದ್ದರೆ 12-13 ಆಗುತ್ತದೆ. ಸಕ್ಕರೆ ಕಡಿಮೆಯಾದರೆ ರಸ ನೀರಾಗುತ್ತದೆ. ಹೆಚ್ಚಾಗಲೆಂದು ಹಣ್ಣನ್ನು ಬಳ್ಳಿಯಲ್ಲೇ ಬಹಳ ದಿನ ಬಿಟ್ಟರೆ ಹುಳಿ ಇಳಿದು ರಸ ಸಪ್ಪೆಯಾಗುತ್ತದೆ. ನಮ್ಮ ಬಿಸಿಲು ನಾಡಿನಲ್ಲಿ ಸಕ್ಕರೆಗೆ ಕೊರತೆಯಿಲ್ಲ, ಹುಳಿ ಉಳಿಸಿಕೊಳ್ಳುವುದೇ ಕಷ್ಟ. ತಿನ್ನುವ ಹಣ್ಣಿನವನು ಸಿಹಿ ಮತ್ತು ಗಾತ್ರ ನೋಡಿದರೆ ಮುಗಿಯಿತು. ದ್ರಾಕ್ಷಾರಸದವನು ಸಿಹಿ-ಹುಳಿಗಳ ಜೋಡಿಯನ್ನು ನೋಡುತ್ತಾನೆ, ಅವನಿಗೆ ಗಾತ್ರ ಸಣ್ಣದಾದಷ್ಟೂ ಒಳಿತು, ಏಕೆಂದರೆ ಬಣ್ಣ, ಒಗರು, ಪರಿಮಳ ಎಲ್ಲ ಸಿಪ್ಪೆಯಲ್ಲಿವೆ. ಕೆಂಪು ದ್ರಾಕ್ಷಾರಸಕ್ಕೆ ಸಿಪ್ಪೆ ಸಮೇತ ಹುದುಗಿಸುತ್ತಾರೆ. ಬಿಳಿಯದಕ್ಕೆ ಮೊದಲೇ ಹಿಂಡಿ ಸಿಪ್ಪೆ ತೆಗೆದು, ಆಳೆತ್ತರದ ಉಕ್ಕಿನ ತೊಟ್ಟಿಗಳಲ್ಲಿ ತಂಪು ಮಾಡಿ ಹುದುಗಿಸುತ್ತಾರೆ. ತಂಪು ಮಾಡುವ ಆ ಯಂತ್ರ ಹಗಲು ರಾತ್ರಿ ಗುರ್ ಎನ್ನುತ್ತಿರುತ್ತದೆ. ಅದರ ವಿದ್ಯುತ್ ಬಿಲ್ಲನ್ನು ನೆನೆದರೆ ನಮ್ಮ ಪಂಪ್‌ಸೆಟ್ಟಿನವರ ಎದೆ ಝಲ್ಲೆಂದೀತು.

ಆಮೇಲೆ ರುಚಿಯ ಮೇಜಿಗೆ ಕರೆದರು. ನಾಲ್ವರಲ್ಲಿ ಒಬ್ಬ ಲಿಂಗಧಾರಿ, ಅವನು ಮುಟ್ಟಲಿಲ್ಲ. ಅವನಿಗೆ ಹುದುಗದ ತಾಜಾ ರಸ ಕೊಟ್ಟರು, ಯಾರೂ ಒತ್ತಾಯಿಸಲಿಲ್ಲ. ಉಳಿದವರಿಗೆ ಬುಡದಲ್ಲಿ ಒಂದು ಗುಟುಕಿನಷ್ಟು. ಗ್ಲಾಸಿನ ಕಾಲು ಹಿಡಿದು, ಬಿಳಿ ಹಾಳೆಯ ಮೇಲೆ ಬಣ್ಣ ನೋಡಿ, ತಿರುಗಿಸಿ ಮೂಸಿ, ಬಾಯಿತುಂಬ ಆಡಿಸಿ, ಪಕ್ಕದ ಪಾತ್ರೆಯಲ್ಲಿ ಉಗುಳಿಬಿಡಬೇಕು. ಉಗುಳುವುದೇ ಇದರ ಶಾಸ್ತ್ರ. ನಿಪುಣರು ದಿನಕ್ಕೆ ಹತ್ತಾರು ಬಗೆ ನೋಡಿಯೂ ನೆಟ್ಟಗೆ ನಡೆದು ಮನೆಗೆ ಹೋಗುವುದು ಇದರಿಂದಲೇ. ಮೊದಲ ಗುಟುಕಿಗೇ ನಮ್ಮ ತೊಗರಿಯ ಗೆಳೆಯ ಮುಖ ಕಿವುಚಿ, ‘ಏನ್ರೀ ಇದು, ಹುಣಸಿಹಣ್ಣ ಕಲಸಿದ್ಹಂಗ ಐತಿ!’ ಎಂದ. ಮೇಜಿನ ಹಿಂದೆ ನಿಂತವರು ನಗಲಿಲ್ಲ. ‘ನೀವು ಹೇಳಿದ್ದು ಖರೇ. ಇದು ಒಂದು ವಾರ ಮುಂಚೆ ಕೊಯ್ದ ಹಣ್ಣು’ ಎಂದು ಅದೇ ತಳಿಯ ಇನ್ನೊಂದನ್ನು ಕೊಟ್ಟರು. ಎರಡನೆಯದು ದುಂಡಗೆ ಇತ್ತು, ಹುಳಿ ಇತ್ತು, ಆದರೆ ಚುಚ್ಚುತ್ತಿರಲಿಲ್ಲ. ಒಂದು ವಾರದ ಅಂತರ ನಾಲಿಗೆಯ ಮೇಲೆ ಅಷ್ಟು ಸ್ಪಷ್ಟವಾಗಿ ಕೂಡುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಶೆನಿನ್ ಬ್ಲಾಂಕ್ ಎಂಬ ಬಿಳಿ, ಶಿರಾಜ್ ಎಂಬ ಕೆಂಪು, ಕ್ಯಾಬರ್ನೆ ಸೋವಿನ್ಯೋಂ ಎಂಬ ಇನ್ನೂ ಒಗರಾದ ಕೆಂಪು, ಈ ಮೂರನ್ನೂ ನೋಡಿದೆವು. ಕೊನೆಯದು ನನಗೆ ಕವಳಿಹಣ್ಣಿನ ನೆನಪು ತಂದಿತು.

ಎರಡನೆಯ ಕಾರ್ಖಾನೆ ಇನ್ನೂ ಸಣ್ಣದು. ಯಜಮಾನರು ಒಕ್ಕಲುತನದ ಮನೆಯವರೇ. ಅವರ ಮುಂದೆ ನಮ್ಮ ಗೆಳೆಯ ತನ್ನ ಲೆಕ್ಕ ಬಿಚ್ಚಿದ. ದಾರಿಯುದ್ದಕ್ಕೂ ಅವನು ಅದನ್ನೇ ಕೂಡಿಸುತ್ತ ಬಂದಿದ್ದ. ಒಂದು ಬಾಟಲಿಗೆ, ಅಂದರೆ 750 ಮಿಲಿಲೀಟರಿಗೆ, ಸುಮಾರು 1.2 ಕಿಲೊ ಹಣ್ಣು. ದ್ರಾಕ್ಷಾರಸದ ತಳಿಯಲ್ಲಿ ಗುಣ ಕೆಡದಂತೆ ಗೊನೆ ಕಡಿಮೆ ಬಿಡಿಸುವುದರಿಂದ ಎಕರೆಗೆ 5 ಟನ್ ಹಿಡಿಯೋಣ. ಆಗ ನಾಲ್ಕು ಸಾವಿರಕ್ಕೂ ಮೇಲೆ ಬಾಟಲಿ. ಲೆಕ್ಕಕ್ಕೆಂದು ಬಾಟಲಿಗೆ 600 ರೂಪಾಯಿ ಇಟ್ಟರೆ 24 ಲಕ್ಷ! ಅದೇ ಹಣ್ಣನ್ನು ಕಿಲೊಕ್ಕೆ 40 ರೂಪಾಯಿಯಂತೆ ಗೇಟಿನಲ್ಲಿ ಸುರಿದರೆ 2 ಲಕ್ಷ. ‘ನಡುವಿನ 22 ಲಕ್ಷ ಎಲ್ಲಿ ಹೋಯ್ತ್ರೀ?’ ಎಂದು ಕೇಳಿಯೇ ಬಿಟ್ಟ.

ಯಜಮಾನರು ಸಿಟ್ಟಾಗಲಿಲ್ಲ. ಬೆರಳು ಮಡಿಚುತ್ತ ಹೇಳಿದರು: ಗಾಜಿನ ಬಾಟಲಿ, ಬಿರಡೆ, ಚೀಟಿ, ಉಕ್ಕಿನ ತೊಟ್ಟಿಯ ಸಾಲ, ತಂಪಿನ ವಿದ್ಯುತ್, ಅಬಕಾರಿ ಶುಲ್ಕ, ಅದೂ ಒಂದೊಂದು ರಾಜ್ಯಕ್ಕೆ ಒಂದೊಂದು, ವಿತರಕನ ಪಾಲು, ಅಂಗಡಿಯವನ ಪಾಲು, ಕೆಂಪು ರಸವನ್ನು ಓಕ್ ಮರದ ಪೀಪಾಯಿಯಲ್ಲಿಟ್ಟು ವರ್ಷಗಟ್ಟಲೆ ಕಾಯುವ ಬಡ್ಡಿ. ಬೆರಳು ಮುಗಿದವು, ಬಾಬತ್ತು ಮುಗಿಯಲಿಲ್ಲ. ಅಂಗಡಿಗೆ ಹೋದ ಬಾಟಲಿಯಲ್ಲಿ ಸಣ್ಣವನಿಗೆ ಉಳಿಯುವುದು ಅತಿ ಸ್ವಲ್ಪ, ಇದೇ ಮೇಜಿನ ಮೇಲೆ ರುಚಿ ನೋಡಿ ಕೈಯಲ್ಲಿ ಹಿಡಿದುಕೊಂಡು ಹೋಗುವ ಬಾಟಲಿಯೇ ತಮ್ಮನ್ನು ಬದುಕಿಸಿರುವುದು ಎಂದರು. ಅವರ ಮಾತು ನಿಜವಿರಬೇಕು. ನಾಸಿಕದಲ್ಲಿ ರಾಜೀವ ಸಾಮಂತರ ಸುಲಾ ಕಾರ್ಖಾನೆ 2000ದಲ್ಲಿ ಮೊದಲ ದ್ರಾಕ್ಷಾರಸ ತೆಗೆದು, 2005ರಲ್ಲಿ ತೋಟದಲ್ಲೇ ರುಚಿ ನೋಡುವ ಕೋಣೆ ತೆರೆಯಿತು. ಮುಂಬಯಿಯ ಜನ ರಜೆಯ ದಿನ ಅಲ್ಲಿಗೆ ಸಾಲುಗಟ್ಟಿದರು. ಬೆಂಗಳೂರಿಗೆ ಹತ್ತಿರದ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಶುರುವಾದ ಗ್ರೋವರ್ ತೋಟಕ್ಕೂ ರಾಜಧಾನಿಯ ಆಸರೆಯಿದೆ. ನಮಗೆ ಹತ್ತಿರ ಯಾವ ಮುಂಬಯಿ ಇದೆ? ವಿಜಯಪುರಕ್ಕೆ ಗೋಲಗುಮ್ಮಟ ನೋಡಲು ಬರುವವರು ಅಂದೇ ಹಿಂದಿರುಗುತ್ತಾರೆ. ನಮ್ಮ ತಾಲೂಕಿನ ಗಾಣಗಾಪುರಕ್ಕೆ ಬರುವ ಭಕ್ತಸಮೂಹವಂತೂ ದತ್ತನ ದರ್ಶನಕ್ಕೆ ಬರುವುದು. ಆ ಜನಸಂದಣಿಯನ್ನು ಈ ಲೆಕ್ಕದಲ್ಲಿ ಹಿಡಿಯುವವನಿಗೆ ನಾನು ಬುದ್ಧಿ ಹೇಳಲಾರೆ.

ಇಲ್ಲಿ ಬೆಳೆಗಾರನು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಟಾಮ್ಸನ್ ಬೀಜರಹಿತ ತಳಿಗೂ ಅದರ ಮಕ್ಕಳಾದ ತಾಸ್-ಎ-ಗಣೇಶ, ಸೋನಾಕಾಗಳಿಗೂ ಎರಡು ಬಾಗಿಲುಗಳಿವೆ. (ಸೋನಾಕಾವನ್ನು ಆರಿಸಿ ತೆಗೆದವರು ನಮ್ಮ ನೆರೆಯ ಸೋಲಾಪುರದ ಹತ್ತಿರದ ನಾನ್ನಜ್ ಗ್ರಾಮದ ರೈತ ನಾನಾಸಾಹೇಬ ಕಾಳೆ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. ಅವರು ಹೊಲದಲ್ಲೇ ಕಲಿತವರು.) ತಿನ್ನುವ ಹಣ್ಣಾಗಿ ಪೇಟೆಗೆ ಹೋಗಬಹುದು. ದರ ಬಿದ್ದರೆ ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಅದ್ದುವ ಎಣ್ಣೆಯ ದ್ರಾವಣದಲ್ಲಿ ಮುಳುಗಿಸಿ, ನೆರಳು ಚಪ್ಪರದಲ್ಲಿ ಹದಿನೈದು ದಿನ ಒಣಗಿಸಿ ಮನೂಕ ಮಾಡಬಹುದು. ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮನೂಕ. ಮನೂಕ ತಂಪುಕೋಣೆಯಲ್ಲಿ ಕಾಯುತ್ತದೆ, ದರಕ್ಕೆ ತಡೆಯುತ್ತದೆ. ತಿಕೋಟಾ, ಬಬಲೇಶ್ವರ ಕಡೆಯ ರೈತ ಕೆಟ್ಟ ವರ್ಷಗಳಲ್ಲಿ ತಲೆಯೆತ್ತಿ ನಿಂತದ್ದು ಈ ಎರಡನೆಯ ಬಾಗಿಲಿನಿಂದ. ದ್ರಾಕ್ಷಾರಸದ ಶಿರಾಜಿಗೆ, ಕ್ಯಾಬರ್ನೆಗೆ ಆ ಬಾಗಿಲಿಲ್ಲ. ಕಾಳು ಸಣ್ಣದು, ಒಳಗೆ ಬೀಜ, ಸಿಪ್ಪೆ ದಪ್ಪ. ಪೇಟೆಯಲ್ಲಿ ಮಗು ಕೂಡ ಕೈಯಲ್ಲಿ ಹಿಡಿಯದು. ಕಾರ್ಖಾನೆ ಬೇಡವೆಂದ ದಿನ ಅದು ಗೊಬ್ಬರದ ಗುಂಡಿಗೇ ಹೋಗಬೇಕು.

ಇದು ಬರಿಯ ಹೆದರಿಕೆಯ ಮಾತಲ್ಲ. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ನೀತಿ ತಂದು ಉತ್ತೇಜನ ಕೊಟ್ಟ ಮೇಲೆ ನಾಸಿಕ ಜಿಲ್ಲೆಯಲ್ಲಿ ಊರಿಗೊಂದು ಎಂಬಂತೆ ಕಾರ್ಖಾನೆಗಳೆದ್ದವು, ಸಾವಿರಾರು ಎಕರೆ ದ್ರಾಕ್ಷಾರಸದ ತಳಿ ಬಂತು. 2008ರಲ್ಲಿ ಜಗತ್ತಿನ ಹಣಕಾಸು ಕುಸಿಯಿತು. ಅದೇ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾಗಿ ಹೋಟೆಲುಗಳು ಖಾಲಿ ಹೊಡೆದವು. ತೊಟ್ಟಿ ತುಂಬಿದ ರಸ ಮಾರಾಟವಾಗದೆ ನಿಂತಿತು, ಮುಂದಿನ ಹಂಗಾಮಿನ ಹಣ್ಣಿಗೆ ಕೊಳ್ಳುವವರಿಲ್ಲ. ದೇಶದಲ್ಲೇ ಹೆಸರು ಮಾಡಿದ್ದ, 1980ರ ದಶಕದಲ್ಲೇ ನೊರೆಯುಕ್ಕುವ ದ್ರಾಕ್ಷಾರಸವನ್ನು ಪರದೇಶಕ್ಕೆ ಕಳಿಸಿದ್ದ ನಾರಾಯಣಗಾಂವದ ಇಂಡೇಜ್ ಕಂಪನಿಯೂ ಆ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿತು. ಎಷ್ಟೋ ಬೆಳೆಗಾರರು ಕೊಡಲಿ ಹಿಡಿದು ಬಳ್ಳಿ ಕಡಿದರು. ಮೂರು ವರ್ಷ ಮಗುವಿನಂತೆ ಸಾಕಿದ ಬಳ್ಳಿಯನ್ನು ಕಡಿಯುವವನ ಸಂಕಟ ದ್ರಾಕ್ಷಿ ಬೆಳೆಯದವರಿಗೂ ಅರ್ಥವಾಗದೆ ಇರದು.

ದೊಡ್ಡವರು ಈ ಪಾಠವನ್ನು ತಮ್ಮ ರೀತಿಯಲ್ಲಿ ಕಲಿತಿದ್ದಾರೆ. ಸೋಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಇಟಲಿಯವರೂ ನಮ್ಮವರೂ ಕೂಡಿ 2007ರಲ್ಲಿ ಕಟ್ಟಿದ ಫ್ರಾಟೆಲ್ಲಿ ಕಂಪನಿ (ಆ ಮಾತಿಗೆ ಇಟಲಿಯ ಭಾಷೆಯಲ್ಲಿ ಸೋದರರು ಎಂದೇ ಅರ್ಥ) ತನ್ನದೇ ತೋಟಗಳಲ್ಲಿ ಹಣ್ಣು ಬೆಳೆಯುತ್ತದೆ. ಹಂಪಿಯ ಬೆಟ್ಟಗಳ ನಡುವಿನ ಕೃಷ್ಮಾ ತೋಟದವರೂ ಹಾಗೆಯೇ. ಬಳ್ಳಿ, ಕೊಯ್ಲು, ತೊಟ್ಟಿ ಎಲ್ಲ ಒಂದೇ ಕೈಯಲ್ಲಿದ್ದರೆ ಗುಣ ಹಿಡಿತದಲ್ಲಿರುತ್ತದೆಂಬ ಅವರ ವಿಚಾರ ಸರಿಯಾದುದೇ. ಆದರೆ ಅಂಥಲ್ಲಿ ಹೊರಗಿನ ಸಣ್ಣ ಬೆಳೆಗಾರನಿಗೆ ಜಾಗ ಎಲ್ಲಿ? ಉಳಿದದ್ದು ಸಣ್ಣ ಕಾರ್ಖಾನೆಗಳ ಸ್ನೇಹ. ಆ ಸ್ನೇಹ ಬಾಯಿಮಾತಿನದಾಗಿರಬಾರದು.

ಇನ್ನು, ಎದ್ದು ಹೋಗಬೇಕೆಂದಿದ್ದವರ ಆಕ್ಷೇಪಣೆಗೆ ಬರೋಣ. ನಮ್ಮ ರಾಜ್ಯದಲ್ಲಿ 2007 ಒಂದು ವಿಚಿತ್ರ ವರ್ಷ. ಆ ಜುಲೈ 1ರಂದು ಸಾರಾಯಿ ನಿಷೇಧವಾಯಿತು, ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಅದೇ ವರ್ಷ ಸರಕಾರ ದ್ರಾಕ್ಷಾರಸ ನೀತಿಯನ್ನೂ ಹೊರಡಿಸಿತು, ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ವಲಯಗಳನ್ನು ಗುರುತಿಸಿತು. ಒಂದು ಕೈಯಿಂದ ಮುಚ್ಚಿ ಇನ್ನೊಂದು ಕೈಯಿಂದ ತೆರೆದದ್ದೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ದ್ರಾಕ್ಷಾರಸ ಬಂದರೆ ಬಡವ ಕೆಟ್ಟ ಮದ್ಯ ಬಿಡುತ್ತಾನೆ ಎಂಬ ವಾದವನ್ನು ನಾನು ನಂಬುವುದಿಲ್ಲ. ದಿನಗೂಲಿಯವನ ಕಿಸೆಗೆ ಆ ಬಾಟಲಿ ಎಟುಕುವುದಿಲ್ಲ. ಹೃದಯಕ್ಕೆ ಒಳ್ಳೆಯದೆಂಬ ಮಾತನ್ನೂ ಬೆಳೆಗಾರರು ತಮ್ಮ ಪ್ರಚಾರಕ್ಕೆ ಬಳಸಬಾರದು. ಮದ್ಯಸಾರ ಎಷ್ಟು ಕಡಿಮೆಯಾದರೂ ಆರೋಗ್ಯಕ್ಕೆ ನಿರಪಾಯವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದರೂ ಕಬ್ಬು ಬೆಳೆಯುವ ನಾವು, ಕಾರ್ಖಾನೆಯ ಕಾಕಂಬಿಯಿಂದ ಏನು ತಯಾರಾಗುತ್ತದೆಂದು ತಿಳಿದೂ ಕಬ್ಬು ಸಾಗಿಸುತ್ತಲೇ ಇದ್ದೇವೆ. ದ್ರಾಕ್ಷಿಯವನೊಬ್ಬನನ್ನೇ ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ. ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತು. ಬೆಳೆಯಬೇಕೋ ಬೇಡವೋ ಎಂಬುದನ್ನು ಅವರವರ ಮನಸ್ಸು ಮತ್ತು ಮನೆ ನಿರ್ಧರಿಸಲಿ. ಮನೆ ಎಂದರೆ ಹೆಂಡತಿಯನ್ನೂ ಕೇಳಬೇಕೆಂದು ಅರ್ಥ.

ಬೆಳೆಯುವೆನೆಂದು ನಿರ್ಧರಿಸಿದವನು ಸಸಿ ತರುವ ಮೊದಲು ಕಾಗದ ಮಾಡಿಸಲಿ. ಕಾಗದದಲ್ಲಿ ಬ್ರಿಕ್ಸ್ ಎಷ್ಟರಿಂದ ಎಷ್ಟರವರೆಗೆ, ಅದನ್ನು ಯಾರೆದುರು ಅಳೆಯಬೇಕು, ಕೊಯ್ಲಿನ ದಿನ ಯಾರು ಗೊತ್ತುಮಾಡಬೇಕು ಎಂಬುದು ಇರಬೇಕು. ಕೊಯ್ಲಿನ ದಿನದ ಮಾತು ಬಹಳ ದೊಡ್ಡದು. ಕಾರ್ಖಾನೆಯ ತೊಟ್ಟಿ ಖಾಲಿಯಿಲ್ಲವೆಂದು ಹಣ್ಣು ಒಂದು ವಾರ ಬಳ್ಳಿಯಲ್ಲೇ ನಿಂತರೆ ತೂಕ ಇಳಿಯುತ್ತದೆ, ಹುಳಿ ಇಳಿಯುತ್ತದೆ, ಆ ನಷ್ಟ ಬೆಳೆಗಾರನ ತಲೆಗೆ ಬರುತ್ತದೆ. ಹಣ ಎಷ್ಟು ದಿನದೊಳಗೆ ಕೈಸೇರಬೇಕೆಂಬುದೂ ಬರೆದಿರಲಿ. ಅಕ್ಟೋಬರ್ ಚಾಟನಿಯ ನಂತರ ಮಳೆ ಹಿಡಿದು ಬೂಜು ರೋಗ ಬಂದು ಇಳುವರಿ ಅರ್ಧಕ್ಕಿಳಿದರೆ ಏನು ಮಾಡಬೇಕೆಂಬುದಕ್ಕೂ ಒಂದು ಸಾಲು ಬೇಕು. ಇದನ್ನೆಲ್ಲ ಕೇಳಲು ಧೈರ್ಯ ಬರುವುದು, ಅದೇ ಮೇಜಿನಲ್ಲಿ ಕೂತು ಬೇಗ ಕೊಯ್ದ ಹಣ್ಣಿನ ರಸ ಯಾವುದು, ಹದಕ್ಕೆ ಕೊಯ್ದದ್ದು ಯಾವುದು ಎಂದು ಗುರುತಿಸಿದವನಿಗೆ. ಹಣ್ಣು ಹಾಕುವ ಪ್ರತಿ ಬೆಳೆಗಾರನನ್ನೂ ವರ್ಷಕ್ಕೊಮ್ಮೆ ಕರೆದು ಅವನ ಹಣ್ಣಿನ ರಸದ ರುಚಿ ಅವನಿಗೇ ತೋರಿಸುವುದನ್ನು ಕಾರ್ಖಾನೆಗಳು ರೂಢಿಗೆ ತರಬೇಕೆಂಬುದು ನನ್ನ ಸೂಚನೆ. ಉಗುಳಲೊಂದು ಪಾತ್ರೆ ಇಟ್ಟರೆ ಸಾಕು, ಹೆಚ್ಚಿನ ಖರ್ಚಿಲ್ಲ. ರುಚಿ ನೋಡಲೊಲ್ಲದವನಿಗೆ ಪ್ರಯೋಗಶಾಲೆಯ ಚೀಟಿಯನ್ನಾದರೂ ಕೊಡಲಿ.

ನಮ್ಮ ಭಾಗದ ಇನ್ನೊಂದು ತೊಡಕು ಮಣ್ಣಿನದು. ಕರಜಗಿಯ ಸುತ್ತಣ ಆಳವಾದ ಎರೆಭೂಮಿ ತೊಗರಿಗೆ, ಬಿಳಿಜೋಳಕ್ಕೆ ಚಿನ್ನ. ದ್ರಾಕ್ಷಿಯ ಬೇರಿಗೆ ಮಾತ್ರ ನೀರು ಬಸಿಯದ ಎರೆ ಉಸಿರು ಕಟ್ಟಿಸುತ್ತದೆ. ನದಿ ದಂಡೆಯಲ್ಲಿ ಬಹುಕಾಲ ನೀರುಂಡ ಹೊಲಗಳಲ್ಲಿ ಸವುಳಿನ ಕಾಟ ಬೇರೆ. ಡಾಗ್‌ರಿಡ್ಜ್ ಎಂಬ ಬೇರುಕಾಂಡದ ಮೇಲೆ ಕಸಿ ಮಾಡಿದ ಸಸಿ ಸವುಳನ್ನೂ ನೀರಿನ ಕೊರತೆಯನ್ನೂ ಸ್ವಲ್ಪಮಟ್ಟಿಗೆ ತಾಳುತ್ತದೆ. ಪುಣೆಯ ಹತ್ತಿರ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರದಲ್ಲಿ ಇಂಥ ವಿಷಯಗಳಿಗೆ ಸಲಹೆ ದೊರೆಯುತ್ತದೆ. ಮಡ್ಡಿ ಹೊಲ, ಗರಸು ಮಿಶ್ರಿತ ಭೂಮಿ ಇದ್ದವರು ಮೊದಲು ಅಲ್ಲಿಯೇ ವಿಚಾರ ಮಾಡಬೇಕು, ಎರೆಯನ್ನು ತೊಗರಿಗೇ ಬಿಡಬೇಕು.

ನಮ್ಮ ಗೆಳೆಯ ಹಿಂದಿರುಗುವಾಗ ಭೀಮೆ ದಾಟುವತನಕ ಮಾತಾಡಲಿಲ್ಲ. ಆಮೇಲೆ, ಎರಡು ಎಕರೆಯ ಬದಲು ಮಡ್ಡಿಯಲ್ಲಿ ಒಂದೇ ಎಕರೆ, ಅದೂ ಟಾಮ್ಸನ್, ಮನೂಕಕ್ಕೆ ಎಂದ. ದ್ರಾಕ್ಷಾರಸದ ತಳಿಯ ಆಸೆ ಪೂರ್ತಿ ಬಿಟ್ಟಿಲ್ಲ, ಎರಡನೆಯ ಕಾರ್ಖಾನೆಯ ಯಜಮಾನರು ಬರೆದುಕೊಟ್ಟರೆ ನಾಲ್ಕು ಸಾಲು ಹಚ್ಚಿ ನೋಡುವನಂತೆ. ಬ್ರಿಕ್ಸ್ ಮಾಪಕವೊಂದನ್ನು ಸೋಲಾಪುರದಿಂದ ಈಗಾಗಲೇ ತರಿಸಿದ್ದಾನೆ. ಮಣ್ಣಿನ ಮಾದರಿ ಪರೀಕ್ಷೆಗೆ ಕೊಟ್ಟು ಬಂದಿದ್ದಾನೆ, ವರದಿ ಇನ್ನೂ ಬರಬೇಕಾಗಿದೆ.